ಖಾಲಿ ಟ್ರೇಲರ್ ಅಂದರೆ ಖಾಲಿ ಅಲ್ಲ: ಸೆಮಿ ಟ್ರಕ್ಕಿನಲ್ಲಿ ಚೈನು, ಪಟ್ಟಿ, ಟಾರ್ಪಾಲುಗಳನ್ನು ಭದ್ರವಾಗಿಡುವ ಬಗೆ

ಅಮೆರಿಕದ ಹೆದ್ದಾರಿಯಲ್ಲಿ ಉಕ್ಕಿನ ತೊಲೆಗಳನ್ನು ಹೊತ್ತ, ಪಕ್ಕದ ಗೋಡೆ, ಚಾವಣಿ ಇಲ್ಲದ ಬಯಲು ಹಾಸಿನ ಫ್ಲಾಟ್‌ಬೆಡ್ ಟ್ರಕ್ ಕಂಡರೆ ಹಿಂದಿನ ಕಾರಿನವರು ತಾವಾಗಿಯೇ ದೂರ ಉಳಿಯುತ್ತಾರೆ. ಅದೇ ಟ್ರಕ್ ಸರಕು ಇಳಿಸಿ ಖಾಲಿ ವಾಪಸ್ ಬರುವಾಗ ಯಾರಿಗೂ ಭಯವಿಲ್ಲ. ಆದರೆ ಆ ಟ್ರಕ್ ನಿಜವಾಗಿ ಖಾಲಿ ಇರುವುದಿಲ್ಲ. ಕ್ಯಾಬಿನ ಬೆನ್ನಿಗೆ ಹತ್ತಾರು ಚೈನುಗಳು ನೇತಾಡುತ್ತಿರುತ್ತವೆ. ಟ್ರೇಲರಿನ ಮುಂಭಾಗದಲ್ಲಿ ಸುತ್ತಿಟ್ಟ ಟಾರ್ಪಾಲು, ಸರಕಿನ ಅಡಿಗೆ ಕೊಡುವ ಮರದ ದಿಮ್ಮಿಗಳು, ಪಕ್ಕದಲ್ಲಿ ಸರಕು ಬಿಗಿಯುವ ಪಟ್ಟಿಗಳ ಸಾಲು, ಅಡಿಯ ಪೆಟ್ಟಿಗೆಯಲ್ಲಿ ಚೈನನ್ನು ಎಳೆದು ಬಿಗಿ ಮಾಡುವ ಬೈಂಡರುಗಳು. ಸರಕನ್ನು ಲೆಕ್ಕ ಹಾಕಿ ಬಿಗಿದ ಡ್ರೈವರ್, ಇಳಿಸಿದ ಮೇಲೆ ಬಿಗಿಯಲು ಬಳಸಿದ ಸಾಮಾನನ್ನು ಬಿಗಿಯುವುದು ಮರೆಯುತ್ತಾನೆ. ದಣಿವಾಗಿರುತ್ತದೆ, ಮುಂದಿನ ಲೋಡಿಗೆ ಹೊತ್ತಾಗಿರುತ್ತದೆ. ನನ್ನ ಪ್ರಕಾರ ಫ್ಲಾಟ್‌ಬೆಡ್ ಕೆಲಸದಲ್ಲಿ ಎಲ್ಲಕ್ಕಿಂತ ಕಡಿಮೆ ಗಮನ ಸಿಗುವ ಅಪಾಯ ಇದೇ.

ಇದರ ತೂಕ ಎಷ್ಟಿರಬಹುದು? 3/8 ಇಂಚು ದಪ್ಪದ, 20 ಅಡಿ ಉದ್ದದ ಒಂದು ಚೈನು ಕೊಕ್ಕೆ ಸೇರಿ ಹೆಚ್ಚುಕಡಿಮೆ 14 ಕಿಲೋ ಬರುತ್ತದೆ. ಅದನ್ನು ಹಲ್ಲುಚಕ್ರ ತಿರುಗಿಸಿ ಬಿಗಿಯುವ ರ‍್ಯಾಚೆಟ್ ಬೈಂಡರ್ 5 ಕಿಲೋ ಆಸುಪಾಸು. ಮರದ ಲೋಡಿಗೆ ಹೊದಿಸುವ ದೊಡ್ಡ ಟಾರ್ಪಾಲು ಒಂದೊಂದೂ 45 ಕಿಲೋ ಮುಟ್ಟುತ್ತದೆ, ನೆನೆದರೆ ಇನ್ನೂ ಜಾಸ್ತಿ. ಹತ್ತು ಚೈನು, ಹತ್ತು ಬೈಂಡರ್, ಎರಡು ಟಾರ್ಪಾಲು, ಒಂದು ಡಜನ್ ಪಟ್ಟಿ, ಒಂದಷ್ಟು ದಿಮ್ಮಿ ಸೇರಿದರೆ 400 ಕಿಲೋ ಸುಲಭವಾಗಿ ದಾಟುತ್ತದೆ. ಇದೆಲ್ಲ ಟ್ರಕ್ಕಿನ ಒಟ್ಟು ತೂಕದ ಲೆಕ್ಕಕ್ಕೂ ಸೇರುತ್ತದೆ. ಅಂತರರಾಜ್ಯ ಹೆದ್ದಾರಿಯಲ್ಲಿ ಪರ್ಮಿಟ್ ಇಲ್ಲದೆ ಓಡುವ ಟ್ರಕ್ಕಿಗೆ 80,000 ಪೌಂಡ್, ಅಂದರೆ ಸುಮಾರು 36,300 ಕಿಲೋ ಮಿತಿ ಇದೆಯಲ್ಲ, ಅದರೊಳಗೇ.

ಅಷ್ಟೊಂದು ಚೈನು ಯಾಕೆ ಹೊರಬೇಕು?

ಪ್ರತಿ ಚೈನಿಗೂ ಪಟ್ಟಿಗೂ ಕೆಲಸದ ಹೊರೆಯ ಮಿತಿ ಎಂದಿರುತ್ತದೆ. ದಿನವೂ ನಂಬಿ ಹೊರಿಸಬಹುದಾದ ಭಾರ ಅದು. ತುಂಡಾಗುವ ಭಾರ ಅದಕ್ಕಿಂತ ಎಷ್ಟೋ ಮೇಲೆ. ಸಾಗಣೆಗೆಂದೇ ಮಾಡಿದ ಗ್ರೇಡ್ (ಬಲದ ದರ್ಜೆ) 70ರ 3/8 ಇಂಚಿನ ಚೈನಿಗೆ ಈ ಮಿತಿ 6,600 ಪೌಂಡ್. 4 ಇಂಚು ಅಗಲದ ಪಾಲಿಯೆಸ್ಟರ್ ಪಟ್ಟಿಗೆ ಸಾಮಾನ್ಯವಾಗಿ 5,400 ಪೌಂಡ್. ಕಾನೂನು ಕೇಳುವುದು ಇಷ್ಟು: ಎಲ್ಲ ಕಟ್ಟುಗಳ ಮಿತಿ ಕೂಡಿಸಿದರೆ ಸರಕಿನ ತೂಕದ ಅರ್ಧಕ್ಕಾದರೂ ಬರಬೇಕು. 44,000 ಪೌಂಡಿನ ಯಂತ್ರಕ್ಕೆ 22,000. ಚೈನು ಟ್ರೇಲರಿನ ಒಂದು ಪಕ್ಕದಿಂದ ಹೊರಟು ಸರಕಿನ ಮೇಲೆ ಹಾದು ಇನ್ನೊಂದು ಪಕ್ಕಕ್ಕೆ ಸೇರಿದರೆ ಪೂರ್ತಿ 6,600 ಲೆಕ್ಕಕ್ಕೆ ಸಿಗುತ್ತದೆ, ನಾಲ್ಕು ಚೈನು ಸಾಕು. ಆದರೆ ಟ್ರೇಲರಿನಿಂದ ಹೊರಟು ಯಂತ್ರದ ಮೈಗೇ ಸಿಕ್ಕಿಸಿದರೆ ಅರ್ಧ ಮಾತ್ರ ಲೆಕ್ಕ. ಆಗ ಏಳು ಬೇಕು. ಇದರ ಮೇಲೆ ಉದ್ದದ ಲೆಕ್ಕ ಬೇರೆ: ಮುಂದೆ ತಡೆಯಿಲ್ಲದ ಸರಕಿಗೆ ಮೊದಲ 10 ಅಡಿಗೆ ಎರಡು ಕಟ್ಟು, ಆಮೇಲೆ ಪ್ರತಿ 10 ಅಡಿಗೆ ಅಥವಾ ಅದರ ಭಾಗಕ್ಕೆ ಇನ್ನೊಂದು. ಇವತ್ತು ಯಂತ್ರ, ನಾಳೆ ಮರ, ನಾಡಿದ್ದು ಉಕ್ಕಿನ ಕಾಯಿಲ್, ಅಂದರೆ ಸುರುಳಿ ಸುತ್ತಿದ ತಗಡು. ಹಾಗಾಗಿ ಡ್ರೈವರ್ ಎಲ್ಲದಕ್ಕೂ ಸಾಲುವಷ್ಟು ಹೊತ್ತುಕೊಂಡೇ ತಿರುಗಬೇಕು.

ಈ ನಿಯಮಗಳನ್ನು ಮಾಡಿದ್ದು ಅಮೆರಿಕದ ಫೆಡರಲ್ ಮೋಟಾರ್ ಕ್ಯಾರಿಯರ್ ಸುರಕ್ಷತಾ ಆಡಳಿತ. 2002ರ ಸೆಪ್ಟೆಂಬರಿನಲ್ಲಿ ಹೊರಡಿಸಿ, 2004ರ ಜನವರಿ 1ರಿಂದ ಎಲ್ಲರೂ ಪಾಲಿಸಲೇಬೇಕು ಎಂದಿತು. ಕೆನಡಾದಲ್ಲೂ ರಾಷ್ಟ್ರೀಯ ಸುರಕ್ಷತಾ ಸಂಹಿತೆಯ 10ನೇ ಮಾನದಂಡ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಸರಕಿನ ಬಗ್ಗೆ ಪುಟಗಟ್ಟಲೆ ನಿಯಮಗಳಿವೆ. ಕಟ್ಟುವ ಸಾಮಾನಿನ ಬಗ್ಗೆ ಮುಖ್ಯವಾಗಿ ಇರುವುದು ಅಮೆರಿಕದ ನಿಯಮಗಳ 392.9ನೇ ಸೆಕ್ಷನ್ನಿನ ಒಂದು ವಾಕ್ಯ. ಹಿಂಬಾಗಿಲು, ಟಾರ್ಪಾಲು, ಸ್ಟೆಪ್ನಿ ಟೈರು, ಗಾಡಿ ನಡೆಸಲು ಬಳಸುವ ಇತರ ಸಾಮಾನು, ಸರಕು ಕಟ್ಟುವ ಸಾಧನಗಳು, ಇವೆಲ್ಲ ಭದ್ರವಾಗಿರಬೇಕು, ಇಲ್ಲದಿದ್ದರೆ ಗಾಡಿ ಓಡಿಸುವಂತಿಲ್ಲ ಎನ್ನುತ್ತದೆ ಅದು. ಚಿಕ್ಕ ವಾಕ್ಯ, ಆದರೆ ಯಾವುದನ್ನೂ ಬಿಟ್ಟಿಲ್ಲ. ಟ್ರೇಲರ್ ತುಂಬಿರಲಿ, ಖಾಲಿ ಇರಲಿ, ಅನ್ವಯಿಸುತ್ತದೆ.

ಭಾರ ಇದ್ದರೆ ಕೂತಿರುತ್ತದೆ ಅನ್ನುವ ನಂಬಿಕೆ

"ಹದಿನಾಲ್ಕು ಕಿಲೋ ಕಬ್ಬಿಣ, ಅದು ಎಲ್ಲಿಗೆ ಹೋಗುತ್ತೆ?" ಚೈನನ್ನು ಸುಮ್ನೆ ಹಾಸಿನ ಮೇಲೆ ಗುಡ್ಡೆ ಹಾಕಿ ಹೊರಡುವವರ ಲೆಕ್ಕ ಇದು. ಎಲ್ಲ ತಪ್ಪು ಶುರುವಾಗುವುದೂ ಇಲ್ಲಿಂದಲೇ.

ನಿಂತ ಗಾಡಿಯಲ್ಲಿ ಚೈನನ್ನು ಹಿಡಿದಿರುವುದು ಅದರ ತೂಕ ಮತ್ತು ಹಾಸಿನ ಜೊತೆಗಿನ ಘರ್ಷಣೆ. ತೂಕ ಕೆಳಗೆ ಒತ್ತುತ್ತಿರುವ ತನಕ ಮಾತ್ರ ಘರ್ಷಣೆ ಕೆಲಸ ಮಾಡುತ್ತದೆ. ಟ್ರೇಲರ್ ಒಂದು ಗುಂಡಿಯ ಮೇಲೆ ಹಾರಿದಾಗ ಸಾಮಾನು ಕ್ಷಣದ ಮಟ್ಟಿಗೆ ಹಾಸಿನಿಂದ ಮೇಲೇಳುತ್ತದೆ. ಆ ಕ್ಷಣ ಘರ್ಷಣೆ ಸೊನ್ನೆ. ಅಷ್ಟರಲ್ಲಿ ತಿರುವು ಬಂದರೆ, ಬ್ರೇಕ್ ಬಿದ್ದರೆ, ಗಾಳಿ ಹೊಡೆದರೆ ಅದು ಬೇರೆ ಜಾಗದಲ್ಲಿ ಇಳಿಯುತ್ತದೆ. ಒಂದು ಸಲಕ್ಕೆ ಅರ್ಧ ಇಂಚು ಸರಿದರೂ ನೂರು ಮೈಲಿಯಲ್ಲಿ ಅಂಚಿಗೆ ಬಂದು ನಿಂತಿರುತ್ತದೆ. ಇನ್ನೊಂದು ವಿಷಯ ಗಮನಿಸಬೇಕು. ಟ್ರೇಲರಿನ ಸ್ಪ್ರಿಂಗುಗಳನ್ನು ಇಪ್ಪತ್ತು ಟನ್ ಹೊರಲು ಮಾಡಿರುತ್ತಾರೆ. ಮೇಲೆ ಭಾರವಿಲ್ಲದಾಗ ಅವು ಬಗ್ಗುವುದೇ ಇಲ್ಲ, ರಸ್ತೆಯ ಪ್ರತಿ ಏಟನ್ನೂ ಹಾಗೇ ಮೇಲಕ್ಕೆ ಕಳಿಸುತ್ತವೆ. ಅದಕ್ಕೇ ಖಾಲಿ ಟ್ರೇಲರ್ ತುಂಬಿದ ಟ್ರೇಲರಿಗಿಂತ ಜಾಸ್ತಿ ಕುಣಿಯುತ್ತದೆ. ಸಾಮಾನು ಬೀಳುವ ಸಂಭವ ಹೆಚ್ಚಿರುವುದು ನಾವು ನಿಶ್ಚಿಂತೆಯಿಂದ ಇರುವ ಈ ಹೊತ್ತಿನಲ್ಲೇ.

ನಿಯಮದಲ್ಲಿರುವ ಬಲದ ಅಂಕಿಗಳನ್ನೂ ಇಲ್ಲಿಗೆ ತಂದು ನೋಡಬಹುದು. ಕಟ್ಟು ತುಂಡಾಗದೆ ತಡೆಯಬೇಕಾದ ಬಲ ಮುಂದಕ್ಕೆ 0.8 ಜಿ, ಹಿಂದಕ್ಕೆ 0.5, ಅಕ್ಕಪಕ್ಕಕ್ಕೆ 0.5. ಅಂದರೆ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ವಸ್ತು ತನ್ನ ತೂಕದ ಶೇ 80ರಷ್ಟು ಬಲದಿಂದ ಮುಂದಕ್ಕೆ ನುಗ್ಗಬಹುದು ಎಂದು ಎಣಿಸಿದ್ದಾರೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಕಾಯಿಲ್ ಹೊತ್ತು ಬರುವ ಲಾರಿಯಲ್ಲೂ ಬ್ರೇಕ್ ಹಾಕಿದಾಗ ಆಗುವುದು ಇದೇ. ಬರೀ ತೂಕವನ್ನು ನಂಬಿ ಇಟ್ಟ ವಸ್ತು ಈ ಬಲಕ್ಕೆ ನಿಲ್ಲುವುದಿಲ್ಲ.

ಬಿದ್ದ ಮೇಲೆ ಏನಾಗುತ್ತದೆ? 5 ಕಿಲೋ ಬೈಂಡರ್ ರಸ್ತೆಯ ಮೇಲೆ ಬಿದ್ದಿದೆ ಎಂದುಕೊಳ್ಳಿ. ಮುಂದಿನ ಗಾಡಿಯ ಚಕ್ರ ಅದನ್ನು ಎಗರಿಸಿತು. ಹಿಂದಿನಿಂದ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುವ ಕಾರಿನ ಗಾಜಿಗೆ ಅದು ಬಡಿಯುವ ಪೆಟ್ಟು, ಅದೇ ಬೈಂಡರನ್ನು 39 ಮೀಟರ್ ಎತ್ತರದಿಂದ, ಅಂದರೆ ಹದಿಮೂರು ಅಂತಸ್ತಿನ ಕಟ್ಟಡದ ಮೇಲಿಂದ ಬಿಟ್ಟಷ್ಟು. ಅಮೆರಿಕದ ರಸ್ತೆ ಸುರಕ್ಷತೆಯ ಸಂಶೋಧನಾ ಸಂಸ್ಥೆ ಎಎಎ ಫೌಂಡೇಶನ್ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2011ರಿಂದ 2014ರವರೆಗೆ ರಸ್ತೆಯಲ್ಲಿ ಬಿದ್ದ ವಸ್ತುಗಳಿಂದ 2 ಲಕ್ಷಕ್ಕೂ ಹೆಚ್ಚು ಅಪಘಾತಗಳಾದವು, 500ಕ್ಕೂ ಹೆಚ್ಚು ಜನ ಸತ್ತರು. ಇವುಗಳಲ್ಲಿ ಮೂರರಲ್ಲಿ ಎರಡರಷ್ಟು ಅಪಘಾತಗಳಿಗೆ ಕಾರಣ ಗಾಡಿಗಳಿಂದ ಬಿದ್ದ ವಸ್ತುಗಳು. ಸರಿಯಾಗಿ ಕಟ್ಟದ ಸರಕು, ಸರಿಯಾಗಿ ನೋಡಿಕೊಳ್ಳದ ಗಾಡಿ. ಇದು ಬರೀ ಟ್ರಕ್ಕುಗಳ ಲೆಕ್ಕವಲ್ಲ, ಎಲ್ಲ ಗಾಡಿಗಳದ್ದು. ಸತ್ತವರಲ್ಲಿ ಎಷ್ಟೋ ಜನಕ್ಕೆ ಆ ವಸ್ತು ತಾಗಲೂ ಇಲ್ಲ. ಅದನ್ನು ತಪ್ಪಿಸಲು ಸ್ಟೇರಿಂಗ್ ತಿರುಗಿಸಿದ್ದರಿಂದ ಅವಘಡವಾಯಿತು.

ಯಾವುದನ್ನು ಎಲ್ಲಿಡಬೇಕು

ಟ್ರೇಲರನ್ನು ಎಳೆಯುವ ಮುಂಗಾಡಿಯ (ಟ್ರಾಕ್ಟರಿನ) ಕ್ಯಾಬಿನ ಹಿಂದೆ ನಿಲ್ಲಿಸಿರುವ ಅಲ್ಯೂಮಿನಿಯಂ ಗೋಡೆಗೆ ಹೆಡೇಕ್ ರ‍್ಯಾಕ್ ಎನ್ನುತ್ತಾರೆ. ಅದರಲ್ಲಿ ಚೈನು ನೇತುಹಾಕುವ ಕೊಕ್ಕೆಗಳು, ಕೆಳಗೆ ತಟ್ಟೆ, ಕೆಲವದರಲ್ಲಿ ಬಾಗಿಲಿರುವ ಗೂಡುಗಳು ಇರುತ್ತವೆ. ಚೈನಿಗೆ ಇದೇ ಸರಿಯಾದ ಜಾಗ. ಆದರೆ ಹೇಗೆಂದರೆ ಹಾಗೆ ನೇತುಹಾಕಿದರೆ ಆಗದು. ಚೈನನ್ನು ಮಡಚಿ ಕೊಕ್ಕೆಗೆ ಹಾಕಿದ ಮೇಲೆ, ಕುಣಿತಕ್ಕೆ ಅದು ಮೇಲೆದ್ದು ಕಳಚಿಕೊಳ್ಳದಂತೆ ಅಡ್ಡ ಸರಳೋ ಪಿನ್ನೋ ಇರಬೇಕು. ಚೈನಿನ ತುದಿ ತಟ್ಟೆಯೊಳಗೆ ಬೀಳುವಂತಿರಬೇಕು, ಹೊರಗೆ ನೇತಾಡಬಾರದು. ಟ್ರಕ್ ತಿರುಗುವಾಗ ಟ್ರೇಲರಿನ ಮೂಗು ಕ್ಯಾಬಿನ ಹಿಂದೆ ಅಡ್ಡ ಬರುತ್ತದೆ. ಆಗ ಹೊರಚಾಚಿದ ಚೈನು ಬ್ರೇಕಿನ ಗಾಳಿ ಕೊಳವೆಗೋ ವಿದ್ಯುತ್ ತಂತಿಗೋ ಸಿಕ್ಕಿಕೊಂಡರೆ ನಡುರಸ್ತೆಯಲ್ಲಿ ಟ್ರೇಲರಿನ ಬ್ರೇಕ್ ಕಚ್ಚಿ ನಿಲ್ಲಬಹುದು.

ಹೆಡೇಕ್ ರ‍್ಯಾಕ್ ಇದೆ, ಸರಕು ಮುಂದಕ್ಕೆ ಬಂದರೆ ಕ್ಯಾಬನ್ನು ಅದು ಕಾಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಆದರೆ ಸರಕಿಗೆ ತಡೆ ಎಂದು ಕಾನೂನು ಒಪ್ಪುವ ಮುಂಗೋಡೆಗೆ ಎತ್ತರ, ಬಲದ ಲೆಕ್ಕ ಇದೆ. 6 ಅಡಿಗಿಂತ ಕಡಿಮೆ ಎತ್ತರದ್ದಾದರೆ ಸರಕಿನ ಅರ್ಧ ತೂಕದಷ್ಟು ಬಲವನ್ನು ಅದು ತಾಳಬೇಕು. ಕ್ಯಾಬಿನ ಹಿಂದಿನ ತೆಳು ಅಲ್ಯೂಮಿನಿಯಂ ರ‍್ಯಾಕಿನಿಂದ ಅಷ್ಟನ್ನು ನಿರೀಕ್ಷಿಸಬಾರದು. ಅದನ್ನು ಸಾಮಾನಿನ ಕಪಾಟು ಎಂದಷ್ಟೇ ತಿಳಿದುಕೊಳ್ಳುವುದು ಒಳ್ಳೆಯದು.

ಬೈಂಡರುಗಳ ವಿಷಯದಲ್ಲಿ ಅನುಭವಿ ಡ್ರೈವರುಗಳು ಮಾಡುವ ಒಂದು ಕೆಲಸ ನನಗೆ ತುಂಬ ಇಷ್ಟ. ಬೈಂಡರಿನ ಒಂದು ಕೊಕ್ಕೆಯನ್ನು ಮೇಲಿನ ಸರಳಿಗೆ, ಇನ್ನೊಂದನ್ನು ಕೆಳಗಿನ ಸರಳಿಗೆ ಹಾಕಿ, ಸರಕಿಗೆ ಬಿಗಿಯುವ ಹಾಗೆಯೇ ರ‍್ಯಾಚೆಟ್ ತಿರುಗಿಸಿ ಬಿಗಿ ಮಾಡುತ್ತಾರೆ. ಬೈಂಡರ್ ತನ್ನನ್ನು ತಾನೇ ಕಟ್ಟಿಕೊಂಡಂತಾಯಿತು. ಒಂದೇ ಕೊಕ್ಕೆಯಲ್ಲಿ ನೇತಾಡುವ ಬೈಂಡರ್ ಮಾತ್ರ ಒಂದಲ್ಲ ಒಂದು ದಿನ ಬೀಳುತ್ತದೆ. ಇನ್ನು ಉದ್ದ ಹಿಡಿಯನ್ನು ಒಮ್ಮೆಲೇ ಮಡಚಿ ಬಿಗಿಯುವ ಲಿವರ್ ಬೈಂಡರ್. ಅದರ ಹಿಡಿ ಬಿಡಿಸುವಾಗ ಚಿಮ್ಮಿ ದವಡೆ ಮುರಿಯುವಷ್ಟು ಜೋರಾಗಿ ಬರುತ್ತದೆ. ಕೊಳ್ಳುವುದಾದರೆ ರ‍್ಯಾಚೆಟ್ ಬೈಂಡರನ್ನೇ ಕೊಳ್ಳಿ. ನಿಧಾನ, ಆದರೆ ಬಲ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ.

ಪಟ್ಟಿಗಳನ್ನು ಟ್ರೇಲರಿನ ಪಕ್ಕದ ವಿಂಚುಗಳಲ್ಲೇ (ಪಟ್ಟಿಯನ್ನು ಸುತ್ತಿ ಬಿಗಿಯುವ ಉರುಳೆಗಳಲ್ಲೇ) ಸುತ್ತಿಡುವುದು ರೂಢಿ. ಸರಿಯಾಗಿ, ಗಟ್ಟಿಯಾಗಿ ಸುತ್ತಿ, ಕೊನೆಯ ಕೊಕ್ಕೆಯನ್ನು ಸಿಕ್ಕಿಸಿ, ವಿಂಚಿನ ಹಲ್ಲಿಗೆ ಕಚ್ಚು ಬಿದ್ದಿದೆಯೇ ನೋಡಿದರೆ ತೊಂದರೆಯಿಲ್ಲ. ತುದಿ ಬಿಚ್ಚಿಕೊಂಡರೆ ಮಾತ್ರ 30 ಅಡಿ ಪಟ್ಟಿ ಗಾಳಿಗೆ ಬಡಿಯುತ್ತಾ ಹೋಗುತ್ತದೆ. ಚಕ್ರಕ್ಕೆ ಸಿಕ್ಕರೆ ಆಕ್ಸಲಿಗೆ ಸುತ್ತಿಕೊಂಡು ಬ್ರೇಕಿನ ಕೊಳವೆಯನ್ನೇ ಕಿತ್ತುಹಾಕುತ್ತದೆ. ಹಳಿಯ ಮೇಲೆ ಸರಿದಾಡುವ ವಿಂಚುಗಳಾದರೆ ಅವೂ ಲಾಕ್ ಆಗಿರಬೇಕು. ದೂರದ ಓಟಕ್ಕೆ ಪಟ್ಟಿಗಳನ್ನು ಬಿಚ್ಚಿ, ಬಿಲ್ಲೆಯಾಗಿ ಸುತ್ತಿ ಪೆಟ್ಟಿಗೆಗೆ ಹಾಕುವುದೇ ಮೇಲು. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಆದರೆ ಬಿಸಿಲು, ಮಂಜಿಗೆ ಹಾಕುವ ಉಪ್ಪು, ರಸ್ತೆಯ ಕೆಸರು ಮೂರೂ ತಪ್ಪುತ್ತವೆ.

ಪೆಟ್ಟಿಗೆಗಳ ವಿಷಯ ಸರಳ. ಭಾರದ್ದು ಕೆಳಗೆ, ಹಗುರದ್ದು ಮೇಲೆ, ನೀರು ಇಳಿಯಲು ತಳದಲ್ಲಿ ತೂತು, ಬಾಗಿಲಿಗೆ ಎರಡು ಚಿಲಕ. ಬಾಗಿಲಿನ ಮೇಲೆ ಒಳಗಿನ ಸಾಮಾನು ಒರಗಿಕೊಂಡಿರಬಾರದು.

ವಿಂಚ್ ಬಾರ್ ಅಂದರೆ ವಿಂಚನ್ನು ತಿರುಗಿಸುವ ಮೂರಡಿ ಉದ್ದದ ಉಕ್ಕಿನ ಸಲಾಕೆ. ಪಟ್ಟಿ ಬಿಗಿದಾದ ಮೇಲೆ ಅದನ್ನು ಹಾಸಿನ ಅಂಚಿನಲ್ಲೇ ಬಿಟ್ಟು ಹೊರಡುವುದು ತುಂಬ ಸುಲಭ. ಅದಕ್ಕೊಂದು ನಿಗದಿ ಜಾಗ, ಅಲ್ಲೊಂದು ಪಿನ್ ಇರಲಿ. ಹೊರಡುವ ಮುನ್ನ ಆ ಜಾಗ ನೋಡಿದರೆ ಸಲಾಕೆ ಇದೆಯೋ ಇಲ್ಲವೋ ತಕ್ಷಣ ತಿಳಿಯುತ್ತದೆ. ಎಲ್ಲ ಸಾಮಾನಿಗೂ ಇದೇ ಪದ್ಧತಿ ಒಳ್ಳೆಯದು. ಹತ್ತು ಕೊಕ್ಕೆ, ಹತ್ತು ಚೈನು. ಒಂದು ಕೊಕ್ಕೆ ಬರಿದಾಗಿದ್ದರೆ ಆ ಚೈನು ಎಲ್ಲೋ ಬಿದ್ದಿದೆ ಎಂದೇ ಅರ್ಥ, ಅಲ್ವಾ?

ಟಾರ್ಪಾಲಿನ ಶತ್ರು ಗಾಳಿ. ಸಡಿಲ ಮಡಿಕೆಯೊಳಗೆ ಗಾಳಿ ಹೊಕ್ಕರೆ ಇಡೀ ಸುರುಳಿ ಉಬ್ಬಿ ಏಳುತ್ತದೆ. ಅಂಚುಗಳನ್ನು ಒಳಕ್ಕೆ ಮಡಚಿ, ಗಾಳಿ ಒತ್ತಿ ತೆಗೆಯುತ್ತಾ ಬಿಗಿಯಾಗಿ ಸುತ್ತಬೇಕು. ಟ್ರೇಲರಿನ ಮುಂಭಾಗದಲ್ಲಿ ಅಡ್ಡಲಾಗಿ ಇಟ್ಟು, ಕನಿಷ್ಠ ಎರಡು ಕಡೆ ನಿಜವಾದ ಪಟ್ಟಿಯಿಂದ ಕಟ್ಟಬೇಕು. ರಬ್ಬರ್ ಪಟ್ಟಿ ಇದಕ್ಕಲ್ಲ. ಅದು ಟಾರ್ಪಾಲಿನ ಅಂಚನ್ನು ಎಳೆದು ಹಿಡಿಯಲು ಮಾತ್ರ. ಅದನ್ನು ಎಳೆಯುವಾಗಲೂ ಮುಖದ ಕಡೆಗೆ ಎಳೆಯಬೇಡಿ. ಕೊಕ್ಕೆ ಜಾರಿದರೆ ನೇರ ಕಣ್ಣಿಗೆ ಬರುತ್ತದೆ. 45 ಕಿಲೋ ಸುರುಳಿಯನ್ನು ಒಬ್ಬರೇ ಎತ್ತುವ ಬದಲು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಕೇಳಿ. ಎಷ್ಟೋ ಡ್ರೈವರುಗಳ ಬೆನ್ನು, ಭುಜ ಹಾಳಾಗಿರುವುದು ಇದರಲ್ಲೇ.

ದಿಮ್ಮಿಗಳನ್ನು ಕಟ್ಟುವಾಗ ಕಣ್ಣಿಗೆ ಕಾಣದ ಒಂದು ತಪ್ಪಾಗುತ್ತದೆ. ನಾಲ್ಕೈದು ದಿಮ್ಮಿಗಳನ್ನು ಸಮವಾಗಿ ಜೋಡಿಸಿ ಮೇಲೆ ಪಟ್ಟಿ ಹಾಕಿದರೆ, ಪಟ್ಟಿ ಎರಡು ಕೊನೆಯ ಮೂಲೆಗಳನ್ನು ಮಾತ್ರ ಒತ್ತುತ್ತದೆ. ನಡುವಿನವು ಮೇಲಿಂದ ನೋಡಲು ಬಿಗಿಯಾಗಿವೆ ಅನಿಸಿದರೂ ಸಡಿಲವೇ. ಒಂದು ಕುಣಿತಕ್ಕೆ ಉದ್ದಕ್ಕೆ ಜಾರಿ ಹೊರಬರುತ್ತವೆ. ನಡುವೆ ಒಂದು ದಿಮ್ಮಿಯನ್ನು ಎತ್ತರಕ್ಕೆ ಇಟ್ಟು ಪಟ್ಟಿ ಅದರ ಮೇಲೂ ಒತ್ತುವಂತೆ ಮಾಡಬೇಕು. ಇಲ್ಲವೇ ಟ್ರೇಲರಿನ ಅಡಿಯ ಗೂಡಿಗೆ ಹಾಕಿ ಎರಡೂ ಬದಿ ಮುಚ್ಚಬೇಕು. ಕಟ್ಟಿದ ಮೇಲೆ ಪ್ರತಿ ದಿಮ್ಮಿಯನ್ನೂ ಒಮ್ಮೆ ಕೈಯಲ್ಲಿ ಅಲುಗಿಸಿ ನೋಡಿ. ಅಂಚಿನ ರಕ್ಷಣೆಗೆ ಇಡುವ ಪ್ಲಾಸ್ಟಿಕ್ ಮೂಲೆಗಳು ಹಗುರವೆಂದು ಅಸಡ್ಡೆ ಬೇಡ. ಅವು ಬೀಳುವುದಿಲ್ಲ, ಹಾರುತ್ತವೆ. ಒಂದರೊಳಗೊಂದು ಜೋಡಿಸಿ ಪೆಟ್ಟಿಗೆಗೆ ಹಾಕಿ.

ಮುಚ್ಚಿದ ಟ್ರೇಲರುಗಳಲ್ಲಿ ಕಷ್ಟ ಕಡಿಮೆ. ಸರಕಿಗೆ ಅಡ್ಡ ಕೊಡುವ ಲೋಡ್ ಬಾರುಗಳನ್ನು ಕ್ಯಾಬಿನ ಹಿಂದಿನ ಸ್ಟ್ಯಾಂಡಿನಲ್ಲೋ ಟ್ರೇಲರಿನ ಒಳಗೋಡೆಗೆ ಬಿಗಿದೋ ಇಡಬಹುದು. ಸರಕಿಟ್ಟ ಹಲಗೆಗಳನ್ನು ಎತ್ತಿ ತಳ್ಳುವ, ಚಕ್ರವಿರುವ ಪ್ಯಾಲೆಟ್ ಜಾಕ್ ಒಳಗಿದ್ದರೆ ಅದನ್ನು ಕಟ್ಟಲೇಬೇಕು.

ಕ್ಯಾಬಿನ ಒಳಗೂ ಇದೇ ಮಾತು. ವಸ್ತುಗಳು ಡ್ರೈವರನ ನೋಟಕ್ಕೆ ಅಡ್ಡ ಬರಬಾರದು, ಕೈಕಾಲು ಆಡಿಸಲು ತಡೆಯಾಗಬಾರದು, ಇಳಿದು ಓಡುವ ದಾರಿ ಮುಚ್ಚಬಾರದು ಎಂದು 392.9 ಬಿಡಿಸಿ ಹೇಳಿದೆ. ಮಲಗುವ ಜಾಗದಲ್ಲಿ ಎಸೆದ ಒಂದು ಬೈಂಡರ್ ಬ್ರೇಕ್ ಹಾಕಿದಾಗ ಡ್ರೈವರನ ತಲೆಯ ಕಡೆಗೇ ಬರುತ್ತದೆ. ಪೆಡಲಿನ ಕೆಳಗೆ ಉರುಳಿದ ನೀರಿನ ಬಾಟಲಿ ಬ್ರೇಕನ್ನೇ ತಡೆಯುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಜಾರದಂತೆ, ಉರುಳದಂತೆ, ಮೇಲಕ್ಕೆ ನೆಗೆಯದಂತೆ ಕೂರಿಸಿರಬೇಕು, ಆದರೂ ಕೈಗೆ ತಕ್ಷಣ ಸಿಗಬೇಕು ಎಂದು 393.95ನೇ ಸೆಕ್ಷನ್ ಕೇಳುತ್ತದೆ. ಬೇರೆ ಗಾಡಿಯವರನ್ನು ಎಚ್ಚರಿಸಲು ಇಡುವ ಮೂರು ತ್ರಿಕೋನ ಫಲಕಗಳೂ ಹಾಗೆಯೇ ಕೈಗೆಟುಕುವಂತಿರಲಿ. ಗಾಡಿ ರಸ್ತೆಯಲ್ಲಿ ಕೆಟ್ಟು ನಿಂತರೆ 10 ನಿಮಿಷದೊಳಗೆ ಅವನ್ನು ಇಡಬೇಕು. ಚೈನಿನ ರಾಶಿಯ ಕೆಳಗಿಂದ ಹುಡುಕಿ ತೆಗೆಯುತ್ತಾ ಕೂರಲು ಸಮಯವಿರುವುದಿಲ್ಲ.

ಕೆಟ್ಟದಾಗಿ ಇಟ್ಟ ಸಾಮಾನು ಮುಂದಿನ ಸಲ ಕೈಕೊಡುತ್ತದೆ

ಸಾಮಾನನ್ನು ಚೆನ್ನಾಗಿಡಲು ಇನ್ನೊಂದು ಕಾರಣವೂ ಇದೆ. ಪ್ರತಿ ಪಟ್ಟಿಯ ಮೇಲೂ ಅದರ ಮಿತಿ ಬರೆದ ಚೀಟಿ ಹೊಲಿದಿರುತ್ತದೆ. ವಿಂಚಿನಲ್ಲಿ ಗಾಳಿಗೆ ಬಡಿದು, ಬಿಸಿಲಿಗೆ ಮಾಸಿ ಆ ಚೀಟಿ ಹೋದರೆ, 4 ಇಂಚಿನ ಪಟ್ಟಿಯನ್ನು ತಪಾಸಣೆಯವರು 5,400 ಬದಲು 4,000 ಪೌಂಡ್ ಎಂದೇ ಎಣಿಸುತ್ತಾರೆ. ಚೈನಿನ ಕೊಂಡಿಗಳ ಮೇಲಿನ ಗುರುತು ತುಕ್ಕಿನಲ್ಲಿ ಮುಚ್ಚಿಹೋದರೆ ಇನ್ನೂ ಕಷ್ಟ. ಅದನ್ನು ಅತಿ ಕೆಳಗಿನ ಗ್ರೇಡ್ 30 ಎಂದು ಹಿಡಿಯುತ್ತಾರೆ. ಆಗ 6,600 ಪೌಂಡ್ ಇದ್ದದ್ದು 2,650ಕ್ಕೆ ಇಳಿಯುತ್ತದೆ. ನಾಲ್ಕು ಚೈನಿನಲ್ಲಿ ಮುಗಿಯಬೇಕಿದ್ದ ಯಂತ್ರಕ್ಕೆ ಒಂಬತ್ತು ಬೇಕಾಗುತ್ತದೆ. ಪಟ್ಟಿ ಮತ್ತು ಚೈನನ್ನು ಒಂದೇ ಪೆಟ್ಟಿಗೆಯಲ್ಲಿ ಹಾಕುವ ಅಭ್ಯಾಸವೂ ಬೇಡ. ಕುಣಿದಷ್ಟೂ ಚೈನಿನ ಕೊಕ್ಕೆ ಪಟ್ಟಿಯನ್ನು ತಿನ್ನುತ್ತದೆ. 4 ಇಂಚಿನ ಪಟ್ಟಿಯಲ್ಲಿ ಸೀಳಿಕೆ ಮುಕ್ಕಾಲು ಇಂಚು ದಾಟಿದರೆ ತಪಾಸಣೆಯಲ್ಲಿ ಆ ಪಟ್ಟಿ ಲೆಕ್ಕಕ್ಕೇ ಬರುವುದಿಲ್ಲ. ಪಾಲಿಯೆಸ್ಟರಿಗೆ ಕಟುವಾದ ಕ್ಷಾರ ಆಗದು. ಹಾಗಾಗಿ ತೊಳೆಯಲು ಬಳಸುವ ಕಟು ಕ್ಷಾರದ ದ್ರಾವಣಗಳನ್ನು ಪಟ್ಟಿಯ ಪೆಟ್ಟಿಗೆಯಲ್ಲಿಡಬೇಡಿ. ಒದ್ದೆ ಟಾರ್ಪಾಲನ್ನು ಹಾಗೇ ಸುತ್ತಿಟ್ಟರೆ ಬೂಸ್ಟು ಹಿಡಿಯುತ್ತದೆ. ಬಿಸಿಲು ಬಂದ ಕೂಡಲೇ ಬಿಚ್ಚಿ ಒಣಗಿಸಿ.

ತಪಾಸಣೆ ಅಂದರೆ ಡ್ರೈವರ್ ತಾನೇ ಮಾಡುವುದು ಮೊದಲು. ಹೊರಡುವ ಮುನ್ನ ಒಮ್ಮೆ, ಮೊದಲ 50 ಮೈಲಿಯೊಳಗೆ ಒಮ್ಮೆ, ಆಮೇಲೆ ಪ್ರತಿ 150 ಮೈಲಿ, ಮೂರು ಗಂಟೆ ಅಥವಾ ಡ್ಯೂಟಿ ಬದಲಾವಣೆ, ಇವುಗಳಲ್ಲಿ ಯಾವುದು ಮೊದಲು ಬರುತ್ತದೋ ಆಗ ಸರಕನ್ನೂ ಕಟ್ಟನ್ನೂ ನೋಡಬೇಕು. ಮೊದಲ 50 ಮೈಲಿ ಯಾಕೆ? ಸರಕು ಕೂತುಕೊಳ್ಳುವುದು, ಪಟ್ಟಿ ಹಿಗ್ಗುವುದು, ಚೈನಿನ ಕೊಂಡಿಗಳು ಹೊಂದಿಕೊಳ್ಳುವುದು ಹೆಚ್ಚಾಗಿ ಅಷ್ಟರೊಳಗೇ. ಖಾಲಿ ಓಟದಲ್ಲೂ ಇದೇ ಲೆಕ್ಕದಲ್ಲಿ ನಿಲ್ಲಿಸಿ ಸಾಮಾನನ್ನು ಒಂದು ಸುತ್ತು ನೋಡುವುದು ನನ್ನ ಬಲವಾದ ಸಲಹೆ. ಉತ್ತರ ಅಮೆರಿಕದಲ್ಲಿ ವರ್ಷಕ್ಕೊಮ್ಮೆ 72 ಗಂಟೆ ನಡೆಯುವ ರೋಡ್‌ಚೆಕ್ ತಪಾಸಣೆ 2017ರಲ್ಲಿ ಸರಕು ಕಟ್ಟುವುದನ್ನೇ ವಿಶೇಷವಾಗಿ ಗಮನಿಸಿತ್ತು. ಹಾಗೆ ನೋಡುವವರು ಸರಕನ್ನಷ್ಟೇ ನೋಡಿ ಬಿಡುವುದಿಲ್ಲ. ಸಡಿಲ ಟಾರ್ಪಾಲು, ಕಟ್ಟದ ದಿಮ್ಮಿ, ತೆರೆದ ಪೆಟ್ಟಿಗೆ ಎಲ್ಲವೂ ಕಣ್ಣಿಗೆ ಬೀಳುತ್ತವೆ.

ಅಮೆರಿಕದಲ್ಲಿ ಕಾರು ಓಡಿಸುವ ಕನ್ನಡಿಗರಿಗೆ ಒಂದು ಮಾತು: ಖಾಲಿ ಫ್ಲಾಟ್‌ಬೆಡ್ಡಿನ ಹಿಂದೆಯೂ ತುಂಬಿದ್ದರ ಹಿಂದೆ ಬಿಡುವಷ್ಟೇ ಅಂತರ ಬಿಡಿ. ರಸ್ತೆಯಲ್ಲಿ ಚೈನೋ ದಿಮ್ಮಿಯೋ ಬಿದ್ದಿದ್ದರೆ ಇಳಿದು ಎತ್ತಲು ಹೋಗಬೇಡಿ, ಸುರಕ್ಷಿತ ಜಾಗಕ್ಕೆ ಹೋಗಿ ತುರ್ತು ಸಹಾಯದ ಸಂಖ್ಯೆ 911ಕ್ಕೆ ಹೇಳಿ.

ಟ್ರಕ್ ಓಡಿಸುವವರಿಗೆ ಇನ್ನೊಂದು. ಸೀಳಿದ ಪಟ್ಟಿಯನ್ನು ಕಸದ ಡಬ್ಬಿಗೆ ಹಾಕುವ ಮುನ್ನ ನಡುವೆ ಕತ್ತರಿಸಿ ಎರಡು ತುಂಡು ಮಾಡಿ. ಇಡಿಯಾಗಿ ಬಿಸಾಡಿದರೆ, ಪಟ್ಟಿ ಕಡಿಮೆ ಬಿದ್ದ ಬೇರೆ ಡ್ರೈವರ್ ಅದನ್ನು ಎತ್ತಿಕೊಂಡು ಹೋಗಿ ಸರಕಿಗೆ ಬಿಗಿಯಬಹುದು.